ಬಳ್ಳಾರಿಯ ಮೂರು ಗೆರೆಗಳು

ಮ್ಯಾಪ್ ಮೇಲೆ ಎಳೆದ ಒಂದು ಗೆರೆ ಮನುಷ್ಯನ ಪ್ರಾಣ ಉಳಿಸಬಹುದಾ?

ಉಳಿಸಬಹುದು. ಉಳಿಸಿದೆ. ಅದೂ ಎಲ್ಲೋ ದೂರದ ದೇಶದಲ್ಲಿ ಅಲ್ಲ, ನಮ್ಮದೇ ರಾಜ್ಯದಲ್ಲಿ, ಬಳ್ಳಾರಿ ಜಿಲ್ಲೆಯ ಅಂಚಿನಲ್ಲಿ. 2010ರಿಂದ 2012ರವರೆಗೆ, ಎರಡೂವರೆ ವರ್ಷ, ಗೆರೆಯ ಈಚೆ ಇದ್ದ ಬಡವನಿಗೆ ಹೃದಯದ ಆಪರೇಷನ್ ಉಚಿತ. ಗೆರೆಯ ಆಚೆ ಇದ್ದ ಬಡವನಿಗೆ ಇಲ್ಲ. ಎರಡೂ ಕಡೆ ಅದೇ ಬಿಸಿಲು, ಅದೇ ಮುದ್ದೆ-ರೊಟ್ಟಿ, ಅದೇ ಬೀಡಿ, ಅದೇ ಬಿಪಿ, ಅದೇ ಸಕ್ಕರೆ ಕಾಯಿಲೆ. ಎರಡೂ ಕಡೆ ಕರ್ನಾಟಕವೇ. ಆದರೆ ಸಾವಿನ ಲೆಕ್ಕ ಮಾತ್ರ ಬೇರೆ ಬೇರೆ.

ಆ ದಿನಗಳಲ್ಲಿ ನಮ್ಮ ಟಿವಿ ಕ್ಯಾಮೆರಾಗಳೆಲ್ಲ ಬಳ್ಳಾರಿ ಕಡೆಗೇ ತಿರುಗಿದ್ದವು ಅನ್ನೋದು ನಿಮಗೆ ನೆನಪಿರಬಹುದು. ಅದಿರು, ಲಾರಿ, ರೆಡ್ಡಿ ಸಹೋದರರು, ಲೋಕಾಯುಕ್ತ. 2010ರ ಜುಲೈ-ಆಗಸ್ಟ್‌ನಲ್ಲಿ ಸಿದ್ದರಾಮಯ್ಯ ಬೆಂಗಳೂರಿನಿಂದ ಬಳ್ಳಾರಿಗೆ ಸುಮಾರು 320 ಕಿಲೋಮೀಟರ್ ಪಾದಯಾತ್ರೆ ಮಾಡಿದರು. ದೇಶ ಪೂರ್ತಿ ನೋಡಿತು. ಅದೇ ಹೊತ್ತಿಗೆ ಬಳ್ಳಾರಿಯಿಂದ ಬೆಂಗಳೂರಿಗೆ, ಉಲ್ಟಾ ದಿಕ್ಕಿನಲ್ಲಿ, ಇನ್ನೊಂದು ಯಾತ್ರೆ ನಡೆದಿತ್ತು. ಎದೆನೋವಿನ ರೋಗಿಗಳು, ಕೈಯಲ್ಲಿ ರೇಷನ್ ಕಾರ್ಡ್ ಹಿಡಿದು, ರಾತ್ರಿ ರೈಲು ಹತ್ತಿ ಹೋಗುತ್ತಿದ್ದರು. ಅದಕ್ಕೆ ಕ್ಯಾಮೆರಾ ಇರಲಿಲ್ಲ. ಇವತ್ತು ಆ ಕಥೆ ಹೇಳ್ತೀನಿ.

ಮೊದಲ ಗೆರೆ: 1953

ಬಳ್ಳಾರಿ ಜಿಲ್ಲೆ ಸ್ವಾತಂತ್ರ್ಯ ಬಂದಾಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ತೆಲುಗರಿಗೆ ಆಂಧ್ರ ರಾಜ್ಯ ಮಾಡುವಾಗ ಬಳ್ಳಾರಿ ಯಾರಿಗೆ ಅನ್ನೋ ಪ್ರಶ್ನೆ ಎದ್ದಿತು. ವಾಂಛೂ ಬಂದರು, ಮಿಶ್ರಾ ಬಂದರು, ವರದಿಗಳು ಬಂದವು, ಬೀದಿ ಹೋರಾಟ ಆಯಿತು. ಕೊನೆಗೆ 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ, ಕೂಡ್ಲಿಗಿ ಇವೆಲ್ಲ ಮೈಸೂರು ರಾಜ್ಯಕ್ಕೆ ಸೇರಿದವು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು.

ಭಾಷೆಗಾಗಿ ಎಳೆದ ಗೆರೆ ಅದು. ಆದರೆ ಬೀಗತನಕ್ಕೆ ಗೆರೆ ಎಲ್ಲಿರುತ್ತೆ? ಸಿರುಗುಪ್ಪದ ಮನೆಯ ಮಗಳು ಆದವಾನಿಗೆ ಸೊಸೆಯಾಗಿ ಹೋಗ್ತಾಳೆ. ಬಳ್ಳಾರಿಯವನ ಅತ್ತೆಮನೆ ರಾಯದುರ್ಗದಲ್ಲೋ ಗುಂತಕಲ್ಲಿನಲ್ಲೋ ಇರುತ್ತೆ. ಜನ ಒಂದೇ, ಸರ್ಕಾರ ಎರಡು.

ಈ ಗೆರೆಗೆ ಔಷಧಿಯ ಅರ್ಥ ಬಂದಿದ್ದು 54 ವರ್ಷಗಳ ನಂತರ. 2007ರ ಏಪ್ರಿಲ್ 1ರಂದು ಆಂಧ್ರದಲ್ಲಿ ವೈ.ಎಸ್. ರಾಜಶೇಖರ ರೆಡ್ಡಿ ಸರ್ಕಾರ ಆರೋಗ್ಯಶ್ರೀ ಯೋಜನೆ ಶುರು ಮಾಡಿತು. ಮೊದಲ ಹಂತಕ್ಕೆ ಆರಿಸಿದ್ದು ಮೂರೇ ಜಿಲ್ಲೆ: ಅನಂತಪುರ, ಮೆಹಬೂಬ್‌ನಗರ, ಶ್ರೀಕಾಕುಳಂ. ಅನಂತಪುರ ಅಂದರೆ ಬಳ್ಳಾರಿಯ ಪಕ್ಕದ ಮನೆ. ಅಲ್ಲಿಗೆ, ರಾಯದುರ್ಗದ ಬಡವನ ಹೃದಯಕ್ಕೆ ಸರ್ಕಾರ ದುಡ್ಡು ಕಟ್ಟುತ್ತೆ, ಬಳ್ಳಾರಿಯಲ್ಲಿರೋ ಅವನ ಭಾವಮೈದುನನಿಗೆ ಅದಿಲ್ಲ ಅಂತಾಯ್ತು. 2008ರ ಹೊತ್ತಿಗೆ ಆರೋಗ್ಯಶ್ರೀ ಇಡೀ ಆಂಧ್ರಕ್ಕೆ ಹರಡಿತು. ಆದವಾನಿ, ಆಲೂರು ಕೂಡ ಒಳಗೆ ಬಂದವು.

ಹಾಗಂತ ಕರ್ನಾಟಕ ಕೈಕಟ್ಟಿ ಕೂತಿರಲಿಲ್ಲ. ನ್ಯಾಯವಾಗಿ ಹೇಳಬೇಕು ಅಂದ್ರೆ ಈ ದಾರಿ ತೋರಿಸಿದ್ದೇ ನಾವು. 2002ರ ನವೆಂಬರ್‌ನಲ್ಲಿ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ ಯಶಸ್ವಿನಿ ಘೋಷಣೆಯಾಯಿತು, 2003ರ ಜೂನ್‌ನಿಂದ ಜಾರಿಗೆ ಬಂತು. ಅದರ ಹಿಂದಿನ ಯೋಚನೆ ಡಾ. ದೇವಿ ಶೆಟ್ಟಿಯವರದು. ಸಹಕಾರ ಸಂಘದ ರೈತ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಸಾಕು, ಅಂದರೆ ತಿಂಗಳಿಗೆ 5 ರೂಪಾಯಿ. ಒಂದು ಸಾವಿರದ ಆರುನೂರಕ್ಕೂ ಹೆಚ್ಚು ಬಗೆಯ ಆಪರೇಷನ್‌ಗಳು ಆ ಪಟ್ಟಿಯಲ್ಲಿದ್ದವು. ಜಗತ್ತೇ ತಿರುಗಿ ನೋಡಿದ ಯೋಜನೆ ಅದು.

ಆದರೆ ಅದಕ್ಕೆ ಒಂದು ಬಾಗಿಲಿತ್ತು: ಸಹಕಾರ ಸಂಘದ ಸದಸ್ಯತ್ವ. ಸಿರುಗುಪ್ಪದಲ್ಲಿ ಗದ್ದೆ ಇರೋನಿಗೆ ಸದಸ್ಯತ್ವ ಸಿಕ್ಕೀತು. ಆ ಗದ್ದೆಯಲ್ಲಿ ಭತ್ತದ ಸಸಿ ನೆಡೋ ಕೂಲಿ ಹೆಂಗಸಿಗೆ? ಬಳ್ಳಾರಿಯ ಗಲ್ಲಿಯಲ್ಲಿ ಮನೆಯಲ್ಲೇ ಮಿಷನ್ ಇಟ್ಕೊಂಡು ಪೀಸಿಗೆ ಇಷ್ಟು ಅಂತ ಜೀನ್ಸ್ ಹೊಲಿಯೋನಿಗೆ? ಅವನಿಗೆ ಇಎಸ್‌ಐ ಇಲ್ಲ, ಯಶಸ್ವಿನಿಯೂ ಇಲ್ಲ.

ಎರಡನೇ ಗೆರೆ: 2010

2010ರ ಫೆಬ್ರುವರಿಯಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು. ಮುಖ್ಯಮಂತ್ರಿ ಯಡಿಯೂರಪ್ಪ, ಆರೋಗ್ಯ ಸಚಿವರು ಬಳ್ಳಾರಿಯವರೇ ಆದ ಬಿ. ಶ್ರೀರಾಮುಲು. ಯೋಜನೆ ನಡೆಸಲಿಕ್ಕೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅಂತ ಮಾಡಿದರು. ಬಿಪಿಎಲ್ ಕಾರ್ಡ್ ಇದ್ದರೆ ಸಾಕು. ಅರ್ಜಿ ಹಾಕೋದು ಬೇಡ, ಕಂತು ಕಟ್ಟೋದು ಬೇಡ. ಕುಟುಂಬದ ಐದು ಜನಕ್ಕೆ ಸೇರಿ ವರ್ಷಕ್ಕೆ 1.5 ಲಕ್ಷ ರೂಪಾಯಿ, ತೀರಾ ಬೇಕಾದರೆ ಇನ್ನೂ 50 ಸಾವಿರ. ಹೃದಯ, ಕ್ಯಾನ್ಸರ್, ನರ, ಕಿಡ್ನಿ, ಸುಟ್ಟಗಾಯ, ಅಪಘಾತ, ನವಜಾತ ಶಿಶು. ಚಿಕ್ಕಪುಟ್ಟ ಜ್ವರಕ್ಕಲ್ಲ, ಮನೆ-ಹೊಲ ಮಾರಿಸೋ ಕಾಯಿಲೆಗಳಿಗೆ ಮಾತ್ರ.

ಮೊದಲ ಹಂತ ಗುಲ್ಬರ್ಗಾ ವಿಭಾಗ. ಬಳ್ಳಾರಿ ಆ ವಿಭಾಗದ್ದು. ಆಮೇಲೆ ಬೆಳಗಾವಿ ವಿಭಾಗ. ಬೆಂಗಳೂರು, ಮೈಸೂರು ವಿಭಾಗಗಳಿಗೆ ಅದು ಹೋಗಿದ್ದು 2012ರಲ್ಲಿ. ಹಿಂದುಳಿದ ಉತ್ತರಕ್ಕೆ ಮೊದಲು ಕೊಡೋಣ ಅನ್ನೋದು ಲೆಕ್ಕಾಚಾರ. ನಮ್ಮಲ್ಲಿ ಇಂಥದ್ದು ಅಪರೂಪ. ಸಾಮಾನ್ಯವಾಗಿ ಯೋಜನೆ ಬೆಂಗಳೂರಿನಲ್ಲಿ ಹುಟ್ಟಿ ಬಳ್ಳಾರಿಗೆ ಬರೋ ಹೊತ್ತಿಗೆ ಸುಸ್ತಾಗಿರುತ್ತೆ.

ಈಗ ಮ್ಯಾಪ್ ನೋಡಿ. ಯೋಜನೆ ಇರೋ ಉತ್ತರ, ಇಲ್ಲದ ದಕ್ಷಿಣ, ಇವೆರಡರ ನಡುವೆ ರಾಜ್ಯವನ್ನು ಅಡ್ಡಡ್ಡ ಸೀಳಿದ ಒಂದು ಗೆರೆ. ಪಶ್ಚಿಮದಲ್ಲಿ ಉತ್ತರ ಕನ್ನಡ, ನಡುವೆ ಹಾವೇರಿ, ಪೂರ್ವದ ತುದಿಯಲ್ಲಿ ಬಳ್ಳಾರಿ. ಬಳ್ಳಾರಿಯಿಂದ ದಕ್ಷಿಣಕ್ಕೆ ಹೊರಟು ಮೊಳಕಾಲ್ಮೂರು ತಾಲೂಕಿನ ರಾಂಪುರಕ್ಕೆ ಕಾಲಿಟ್ಟರೆ ನೀವು ಚಿತ್ರದುರ್ಗ ಜಿಲ್ಲೆಯಲ್ಲಿದ್ದೀರಿ. ಆ ಎರಡೂವರೆ ವರ್ಷ ಅಲ್ಲಿ ಯೋಜನೆ ಇಲ್ಲ. ಸಿರುಗುಪ್ಪ, ಕುರುಗೋಡು, ಬಳ್ಳಾರಿ ಇವೆಲ್ಲ ಗೆರೆಯ ಒಳಗೆ. ಪೂರ್ವಕ್ಕೆ ಆಂಧ್ರದಲ್ಲೂ ಇದೆ. ಬಳ್ಳಾರಿಗೆ 2010, ಪಕ್ಕದ ರಾಯದುರ್ಗಕ್ಕೆ 2007, ಪಕ್ಕದ ಮೊಳಕಾಲ್ಮೂರಿಗೆ 2012. ಒಂದು ಸೈಕಲ್ ತುಳಿಯೋ ದೂರದಲ್ಲಿ ಮೂರು ಕಾಲಮಾನ.

ಈ ಗೆರೆಯನ್ನು ನಮ್ಮ ಮಾಧ್ಯಮ ಗಮನಿಸಲಿಲ್ಲ. ಸಂಶೋಧಕರು ಗಮನಿಸಿದರು. ವಿಶ್ವಬ್ಯಾಂಕ್, ಅಮೆರಿಕದ ವಿಶ್ವವಿದ್ಯಾಲಯಗಳು, ಬೆಂಗಳೂರಿನ ಐಐಎಂ ಇಲ್ಲಿನವರು ಸೇರಿ ಗೆರೆಯ ಎರಡೂ ಕಡೆಯ 572 ಹಳ್ಳಿಗಳನ್ನು ಆರಿಸಿದರು. ಸುಮಾರು 60 ಸಾವಿರ ಮನೆಗಳ ಮಾಹಿತಿ ಸಂಗ್ರಹಿಸಿದರು. ಯಾರು ಸತ್ತರು, ಯಾವುದರಿಂದ ಸತ್ತರು, ಆಸ್ಪತ್ರೆಗೆ ಎಷ್ಟು ಖರ್ಚಾಯಿತು. 2014ರ ಸೆಪ್ಟೆಂಬರ್‌ನಲ್ಲಿ ಫಲಿತಾಂಶ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು.

ಏನು ಸಿಕ್ಕಿತು? ಯೋಜನೆಯ ಪಟ್ಟಿಯಲ್ಲಿದ್ದ ಕಾಯಿಲೆಗಳಿಂದ, ಅಂದರೆ ಬಹುಪಾಲು ಹೃದಯ ಮತ್ತು ಕ್ಯಾನ್ಸರ್, ಆದ ಸಾವಿನ ಪ್ರಮಾಣ ಗೆರೆಯ ಆಚೆಯ ಬಡವರಲ್ಲಿ ಶೇ. 0.90. ಗೆರೆಯ ಈಚೆಯ ಬಡವರಲ್ಲಿ ಶೇ. 0.32. ಹೆಚ್ಚುಕಡಿಮೆ ಮೂರನೇ ಒಂದು ಭಾಗ! ದೊಡ್ಡಾಸ್ಪತ್ರೆಗೆ ಸೇರಿದಾಗ ಜೇಬಿನಿಂದ ಕೊಡೋ ದುಡ್ಡು ಶೇ. 64ರಷ್ಟು ಇಳಿದಿತ್ತು.

ಇಲ್ಲಿ ಯಾರಾದರೂ ಕೇಳಬಹುದು: ಅದು ಯೋಜನೆಯಿಂದಲೇ ಆಗಿದ್ದು ಅಂತ ಏನು ಗ್ಯಾರಂಟಿ? ಆ ಕಡೆ ನೀರು ಚೆನ್ನಾಗಿಲ್ಲದೆ ಇರಬಹುದು, ಆಸ್ಪತ್ರೆ ದೂರ ಇರಬಹುದು. ಒಳ್ಳೆ ಪ್ರಶ್ನೆ. ಸಂಶೋಧಕರ ಹತ್ತಿರ ಅದಕ್ಕೂ ಉತ್ತರ ಇತ್ತು. ಅವೇ ಹಳ್ಳಿಗಳ ಎಪಿಎಲ್ ಕುಟುಂಬಗಳನ್ನೂ ನೋಡಿದರು. ಅವರಿಗೆ ಎರಡೂ ಕಡೆ ಯೋಜನೆ ಇರಲಿಲ್ಲ. ಅವರ ಸಾವಿನ ಪ್ರಮಾಣದಲ್ಲಿ ಗೆರೆಯ ಆಚೆಗೂ ಈಚೆಗೂ ವ್ಯತ್ಯಾಸವೇ ಕಾಣಲಿಲ್ಲ. ನೀರು, ಗಾಳಿ, ದೂರ ಕಾರಣ ಆಗಿದ್ದರೆ ಅವರಲ್ಲೂ ಕಾಣಬೇಕಿತ್ತು. ಇಂಜಿನಿಯರಿಂಗ್ ಲ್ಯಾಬ್‌ನಲ್ಲಿ ನಮಗೆ ಕಲಿಸಿದ್ದು ಇದನ್ನೇ: ಒಂದನ್ನು ಮಾತ್ರ ಬದಲಾಯಿಸು, ಉಳಿದದ್ದನ್ನು ಹಾಗೇ ಇಡು, ಆಮೇಲೆ ಮೀಟರ್ ನೋಡು. ಇಲ್ಲಿ ಬದಲಾಗಿದ್ದು ಒಂದೇ, ಕಾರ್ಡಿನ ಬೆಲೆ.

ಒಬ್ಬ ಬಡವನ ಎದೆಯ ರಕ್ತನಾಳ ತೆರೆಯುತ್ತೋ ಇಲ್ಲವೋ ಅನ್ನೋದನ್ನು ಡಾಕ್ಟರ ಕೈಗುಣಕ್ಕಿಂತ ಮೊದಲು ಕಂದಾಯ ವಿಭಾಗದ ಗಡಿ ತೀರ್ಮಾನ ಮಾಡಿತ್ತು. ಇದರಲ್ಲಿ ಸಂತೋಷವೂ ಇದೆ, ಸಂಕಟವೂ ಇದೆ. ಗೆರೆಯ ಈಚೆ ಉಳಿದವರನ್ನು ನೆನೆದರೆ ಸಂತೋಷ. ಆಚೆ ಉಳಿಯಬಹುದಾಗಿದ್ದವರನ್ನು ನೆನೆದರೆ ಸಂಕಟ.

ಪೈಪು ಮತ್ತು ಹೂಳು

ಯಾಕೆ ಹೃದಯದ ವಿಷಯದಲ್ಲಿ ಕಾರ್ಡಿಗೆ ಇಷ್ಟು ಶಕ್ತಿ ಬಂತು? ಕಾಯಿಲೆ ಹೇಗೆ ಕೆಲಸ ಮಾಡುತ್ತೆ ಅಂತ ತಿಳಿದರೆ ಗೊತ್ತಾಗುತ್ತೆ.

ರಕ್ತನಾಳ ಅಂದರೆ ಪೈಪು. ಪೈಪಿನಲ್ಲಿ ಹರಿವಿಗೆ ಒಂದು ನಿಯಮ ಇದೆ. ಪೈಪಿನ ಅಗಲ ಅರ್ಧ ಆದರೆ ಹರಿವು ಅರ್ಧ ಆಗಲ್ಲ, ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತೆ. ಪುಸ್ತಕದ ಲೆಕ್ಕ ಅದು. ದೇಹ ಪುಸ್ತಕಕ್ಕಿಂತ ಜಾಣ. ಅಕ್ಕಪಕ್ಕದ ಸಣ್ಣ ನಾಳಗಳಿಂದ ಸ್ವಲ್ಪ ಕಾಲ ತೂಗಿಸುತ್ತೆ. ಅದಕ್ಕೇ ನಮಗೆ ಗೊತ್ತೇ ಆಗಲ್ಲ.

ತುಂಗಭದ್ರಾ ಅಣೆಕಟ್ಟನ್ನೇ ತಗೊಳ್ಳಿ. ಕಟ್ಟಿದಾಗ 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ತುಂಬಿ ಈಗ ಸುಮಾರು 105ಕ್ಕೆ ಬಂದಿದೆ. ಒಂದು ದಿನದಲ್ಲಿ ಆಗಿದ್ದಲ್ಲ. ಕಾಲುವೆಯ ತುದಿಯಲ್ಲಿರೋ ರೈತನಿಗೆ ಮೊದಲು ಗೊತ್ತಾಗುತ್ತೆ, ಯಾಕೆಂದರೆ ನೀರು ನಿಲ್ಲೋದು ಅವನ ಗದ್ದೆಯಲ್ಲಿ. ದೇಹದಲ್ಲೂ ಹಾಗೇ. ಹೃದಯದ ನಾಳ ಮುಚ್ಚಿದರೆ ಹಾರ್ಟ್ ಅಟ್ಯಾಕ್, ಮಿದುಳಿನದು ಮುಚ್ಚಿದರೆ ಲಕ್ವ, ಕಾಲಿನದು ಮುಚ್ಚಿದರೆ ಗ್ಯಾಂಗ್ರೀನ್. ಹೆಸರು ಮೂರು, ಹೂಳು ಒಂದೇ: ಬಿಪಿ, ಸಕ್ಕರೆ, ಕೊಬ್ಬು, ಬೀಡಿ-ಸಿಗರೇಟು.

ಹೃದಯದ ನಾಳ ಕಿರಿದಾದಾಗ ಸ್ಟೆಂಟ್ ಹಾಕಬಹುದು, ಬೈಪಾಸ್ ಮಾಡಬಹುದು. ಒಂದು ಸಲದ ಕೆಲಸ, ದೊಡ್ಡ ಮೊತ್ತ. ಇಂಥ ಖರ್ಚಿಗೇ ವಿಮೆ ಹೇಳಿ ಮಾಡಿಸಿದ್ದು. 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟ್ ಬೆಲೆಗೆ ಮಿತಿ ಹಾಕಿತು. ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ, ಮಾಮೂಲಿ ಸ್ಟೆಂಟಿಗೆ 7,260. ಅದಕ್ಕೂ ಮೊದಲು ರೋಗಿಯ ಬಿಲ್ಲಿನಲ್ಲಿ ಒಂದೇ ಸ್ಟೆಂಟ್ ಲಕ್ಷ ದಾಟುತ್ತಿತ್ತು. 2010ರಲ್ಲಿ ಆ ಲಕ್ಷವನ್ನು ಕೂಲಿಯವನ ಪರವಾಗಿ ಕಟ್ಟಿದ್ದು ಆ ಕಾರ್ಡು.

ಇನ್ನೊಂದು ಸಂಗತಿ ಇದೆ. ನೆಟ್‌ವರ್ಕ್ ಆಸ್ಪತ್ರೆಗಳು ಹೆಚ್ಚಿನವು ಬೆಂಗಳೂರಿನಲ್ಲಿದ್ದವು. ರೋಗಿಗಳು ಉತ್ತರದ ಹಳ್ಳಿಗಳಲ್ಲಿ. ಹಾಗಾಗಿ ಆಸ್ಪತ್ರೆಯವರೇ ಊರುಗಳಿಗೆ ಬಂದು ಆರೋಗ್ಯ ಶಿಬಿರ ಮಾಡಬೇಕಿತ್ತು. ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಅಂತ ಒಬ್ಬರನ್ನು ಕೂರಿಸಿದ್ದರು. ನನ್ನ ಪ್ರಕಾರ ಪ್ರಾಣ ಉಳಿಸಿದ್ದರಲ್ಲಿ ಈ ಶಿಬಿರಗಳ ಪಾಲು ದೊಡ್ಡದು. ಓದು ಬಾರದವನಿಗೆ "ನಿನಗೆ ಇಂಥದ್ದು ಇದೆ, ಇಲ್ಲಿಗೆ ಬಾ, ದುಡ್ಡು ಬೇಡ" ಅಂತ ಊರಿಗೇ ಬಂದು ಹೇಳೋದು ಅರ್ಧ ಚಿಕಿತ್ಸೆ.

ಮೂರನೇ ಗೆರೆ: ಕಾಣದ್ದು

ಈಗ 2012 ಕಳೆದು ಬಹಳ ವರ್ಷ ಆಯ್ತು. ಗುಲ್ಬರ್ಗಾ ವಿಭಾಗ, ಬೆಂಗಳೂರು ವಿಭಾಗ ಅನ್ನೋ ಭೇದ ಹೋಯ್ತು. 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಬಂತು, ಅದೇ ವರ್ಷ ಅದು ಆಯುಷ್ಮಾನ್ ಭಾರತ್ ಜೊತೆ ಸೇರಿತು. ಬಿಪಿಎಲ್ ಕುಟುಂಬಕ್ಕೆ 5 ಲಕ್ಷ. ಎಪಿಎಲ್‌ನವರಿಗೂ ಶೇ. 30ರಷ್ಟು ನೆರವು. ಮ್ಯಾಪ್ ಮೇಲಿನ ಗೆರೆ ಅಳಿಸಿದೆ. ಹಾಗಾದರೆ ಕಥೆ ಮುಗೀತಾ?

ಇಲ್ಲ ಸ್ವಾಮಿ. ಗೆರೆ ಜಾಗ ಬದಲಾಯಿಸಿದೆ ಅಷ್ಟೇ. ಈಗ ಅದು ಆಪರೇಷನ್‌ಗೂ ಮಾತ್ರೆಗೂ ನಡುವೆ ಇದೆ. ಜಿಲ್ಲಾ ಕೇಂದ್ರಕ್ಕೂ ತಾಲೂಕಿಗೂ ನಡುವೆ ಇದೆ. ಮೊದಲ ದಿನಕ್ಕೂ ಕೊನೆ ದಿನಕ್ಕೂ ನಡುವೆ ಇದೆ.

ಉದಾಹರಣೆಗೆ ಕಾಲು. ಸಿರುಗುಪ್ಪದ ಕಡೆ ಒಬ್ಬ ಐವತ್ತೈದರ ಕೂಲಿ ಕಾರ್ಮಿಕ ಅಂತ ಇಟ್ಕೊಳ್ಳಿ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಮೂವತ್ತು ವರ್ಷದಿಂದ ಬೀಡಿ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡ್ಕೊಳ್ಳುತ್ತೆ, ನಿಂತರೆ ಸರಿ ಹೋಗುತ್ತೆ. ವಯಸ್ಸಾಯ್ತು ಅಂದ್ಕೊಳ್ತಾನೆ. ಅದು ವಯಸ್ಸಲ್ಲ, ಕಾಲಿನ ನಾಳ ಕಿರಿದಾಗಿರೋ ಸೂಚನೆ. ಆಮೇಲೆ ಗದ್ದೆಯಲ್ಲಿ ಬೆರಳಿಗೆ ಏನೋ ಚುಚ್ಚುತ್ತೆ. ಸಕ್ಕರೆಯಿಂದ ಸ್ಪರ್ಶ ಹೋಗಿರೋದರಿಂದ ನೋವಿಲ್ಲ. ನೋವಿಲ್ಲದ ಗಾಯಕ್ಕೆ ಯಾರು ಒಂದು ದಿನದ ಕೂಲಿ ಬಿಡ್ತಾರೆ? ಅರಿಶಿನ ಹಚ್ತಾರೆ. ಊರಿನ ಆರ್‌ಎಂಪಿ ಡಾಕ್ಟರ ಹತ್ತಿರ ಒಂದು ಇಂಜೆಕ್ಷನ್, ಒಂದು ಪಟ್ಟಿ. ವಾರಗಳು ಕಳೀತವೆ. ಬೆರಳು ಕಪ್ಪಾಗುತ್ತೆ. ಆಗ ಬಳ್ಳಾರಿಗೆ, 1961ರಿಂದ ಮೆಡಿಕಲ್ ಕಾಲೇಜು ಇರೋ, ಜನ ಇವತ್ತಿಗೂ ವಿಮ್ಸ್ ಅಂತಲೇ ಕರೆಯೋ ಆಸ್ಪತ್ರೆಗೆ ಓಡ್ತಾರೆ. ಅಷ್ಟೊತ್ತಿಗೆ ಡಾಕ್ಟರ ಮುಂದೆ ಉಳಿಯೋ ಪ್ರಶ್ನೆ ಒಂದೇ: ಬೆರಳು ತೆಗೆಯೋದೋ, ಪಾದ ತೆಗೆಯೋದೋ, ಮೊಣಕಾಲ ಕೆಳಗೆ ತೆಗೆಯೋದೋ?

ಅವನ ಹತ್ತಿರ ಕಾರ್ಡಿತ್ತು. 5 ಲಕ್ಷದ ಕಾರ್ಡು. ಅದು ಬಾಯಿ ಬಿಟ್ಟಿದ್ದು ಕೊನೆ ದಿನ.

ಇದು ಕಾರ್ಡಿನ ತಪ್ಪಲ್ಲ, ಅದರ ಸ್ವಭಾವ. ವಿಮೆ ದುಡ್ಡು ಕೊಡೋದು ಆಸ್ಪತ್ರೆಯಲ್ಲಿ ಮಲಗಿದ ದಿನಗಳಿಗೆ, ಪಟ್ಟಿಯಲ್ಲಿರೋ ಪ್ಯಾಕೇಜಿಗೆ. ತಿಂಗಳು ತಿಂಗಳು ನುಂಗಬೇಕಾದ ಬಿಪಿ ಮಾತ್ರೆ, ಸಕ್ಕರೆ ಮಾತ್ರೆ, ರಕ್ತ ಗಟ್ಟಿಯಾಗದ ಮಾತ್ರೆಗೆ ಅಲ್ಲ. ವರ್ಷಕ್ಕೊಂದು ಸಲ ಪಾದ ನೋಡೋ ನರ್ಸಮ್ಮನಿಗೆ ಅಲ್ಲ. ಸ್ಟೆಂಟ್ ಹಾಕಿಸಿಕೊಂಡು ಬಂದವನು ಮಾತ್ರೆ ನಿಲ್ಲಿಸಿದರೆ ಅದೇ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಬಹುದು. ಲಕ್ಷದ ಆಪರೇಷನ್ ಉಚಿತ, ಅದನ್ನು ಕಾಪಾಡೋ ಮಾತ್ರೆ ಅವನ ಜೇಬಿನದು!

ಇದು ನಮ್ಮ ದೇಶದ ಸಮಸ್ಯೆ ಮಾತ್ರ ಅಲ್ಲ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ 2008ರಲ್ಲಿ ಬಡವರ ಸರ್ಕಾರಿ ವಿಮೆಗೆ ಜಾಗ ಕಡಿಮೆ, ಅರ್ಜಿ ಜಾಸ್ತಿ ಇತ್ತು. ಲಾಟರಿ ಎತ್ತಿದರು. ಎರಡು ವರ್ಷ ಬಿಟ್ಟು ಸಂಶೋಧಕರು ಪರೀಕ್ಷೆ ಮಾಡಿದರು. ವಿಮೆ ಸಿಕ್ಕವರ ಮನೆ ಮುರಿಯೋ ಸಾಲ ಹೆಚ್ಚುಕಡಿಮೆ ಇಲ್ಲವಾಗಿತ್ತು, ಮನಸ್ಸಿನ ಖಿನ್ನತೆ ಕಡಿಮೆಯಾಗಿತ್ತು. ಆದರೆ ಬಿಪಿ, ಕೊಲೆಸ್ಟರಾಲ್, ಸಕ್ಕರೆಯ ಮಟ್ಟದಲ್ಲಿ ಎದ್ದು ಕಾಣುವ ಇಳಿಕೆ ಸಿಗಲಿಲ್ಲ. ಕರ್ನಾಟಕದ ಅಧ್ಯಯನ, ಒರೆಗಾನ್ ಅಧ್ಯಯನ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಕಟ್ಟಿಕೊಂಡ ನಾಳವನ್ನು ತೆರೆಸೋಕೆ ದುಡ್ಡು ಬೇಕಾದಾಗ ವಿಮೆ ಪ್ರಾಣ ಉಳಿಸುತ್ತೆ. ನಾಳ ಕಟ್ಟದಂತೆ ನೋಡ್ಕೊಳ್ಳೋ ಕೆಲಸಕ್ಕೆ ವಿಮೆಯೊಂದೇ ಸಾಲದು. ಅದಕ್ಕೆ ಊರಲ್ಲಿ ಮನುಷ್ಯರು ಬೇಕು.

ಗಡಿಯಾರದ ಲೆಕ್ಕ

ಇನ್ನು ಸಮಯ. ಲಕ್ವ ಹೊಡೆದಾಗ ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್ ಕೊಡಲಿಕ್ಕೆ ಇರೋದು ನಾಲ್ಕೂವರೆ ಗಂಟೆ. ಕಾಲಿನ ನಾಳ ಇದ್ದಕ್ಕಿದ್ದಂತೆ ಮುಚ್ಚಿದರೆ ಸುಮಾರು ಆರು ಗಂಟೆಯೊಳಗೆ ತೆರೆಯಬೇಕು. ಹಾರ್ಟ್ ಅಟ್ಯಾಕ್‌ನಲ್ಲಿ ಮೊದಲ ಮೂರು ಗಂಟೆ ಬಂಗಾರ. ಬಳ್ಳಾರಿಯಿಂದ ಬೆಂಗಳೂರಿಗೆ ಆಂಬುಲೆನ್ಸ್ ಎಷ್ಟೇ ವೇಗವಾಗಿ ಹೋದರೂ ಐದಾರು ಗಂಟೆ. ಸಿರುಗುಪ್ಪದಿಂದ ಬಳ್ಳಾರಿಗೇ ಐವತ್ತು ಚಿಲ್ಲರೆ ಕಿಲೋಮೀಟರ್. ಕಾರ್ಡಿನಲ್ಲಿ 5 ಲಕ್ಷ ಇರಲಿ, 50 ಲಕ್ಷ ಇರಲಿ, ಗಡಿಯಾರ ಲಂಚ ತಗೊಳ್ಳಲ್ಲ.

ಸರ್ಕಾರಗಳು ಇದನ್ನು ಅರ್ಥ ಮಾಡ್ಕೊಂಡಿಲ್ಲ ಅಂತ ನಾನು ಹೇಳಲ್ಲ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೋದಾಗ ಇಡೀ ರಾಜ್ಯ ಎದೆ ಮುಟ್ಟಿ ನೋಡ್ಕೊಂಡಿತು. ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ಬಂತು. ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದಲ್ಲಿ ಕೂತ ತಜ್ಞರು ನೋಡಿ, ಗಡ್ಡೆ ಕರಗಿಸೋ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡೋದು ಅದರ ಉದ್ದೇಶ. 2024ರಲ್ಲಿ ಮನೆಮನೆಗೆ ಹೋಗಿ ಬಿಪಿ, ಸಕ್ಕರೆ ನೋಡೋ ಗೃಹ ಆರೋಗ್ಯ ಕೋಲಾರದಿಂದ ಶುರುವಾಯ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ 371 ಹಾಸಿಗೆಗಳ ಜಯದೇವ ಆಸ್ಪತ್ರೆ ತೆರೆಯಿತು. 371(ಜೆ) ವಿಧಿಯ ನೆನಪಿಗೆ ಅಷ್ಟು ಹಾಸಿಗೆ. ಒಳ್ಳೆಯದೇ. ಆದರೆ ಬಳ್ಳಾರಿಗೆ ಕಲಬುರಗಿಯೇನೂ ಪಕ್ಕದಲ್ಲಿಲ್ಲ. ಯೋಜನೆಯ ಹೆಸರು ಬೋರ್ಡ್ ಮೇಲೆ ಇರೋದು ಬೇರೆ, ರಾತ್ರಿ ಎರಡು ಗಂಟೆಗೆ ಕುರುಗೋಡಿನಿಂದ ಬಂದವನಿಗೆ ಇಂಜೆಕ್ಷನ್ ಸಿಗೋದು ಬೇರೆ.

ಹಾಗಾದರೆ ಏನು ಕೇಳಬೇಕು? ಚುನಾವಣೆ ಬಂದಾಗ ಎಲ್ಲರೂ ವಿಮೆಯ ಮೊತ್ತ ಹೇಳ್ತಾರೆ. ಇವರು 5 ಲಕ್ಷ ಅಂದರೆ ಅವರು 10 ಲಕ್ಷ ಅಂತಾರೆ. ನೀವು ಮೊತ್ತ ಕೇಳಬೇಡಿ. ಮೂರು ಪ್ರಶ್ನೆ ಕೇಳಿ. ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಬಿಪಿ, ಸಕ್ಕರೆ ಮಾತ್ರೆ ವರ್ಷದ ಹನ್ನೆರಡು ತಿಂಗಳೂ ಸ್ಟಾಕ್ ಇರುತ್ತಾ? ಸಕ್ಕರೆ ಕಾಯಿಲೆಯವರ ಪಾದ ಬಿಚ್ಚಿಸಿ ನೋಡೋರು ಯಾರಾದರೂ ಇದ್ದಾರಾ? ಕಾಲಿನ ರಕ್ತನಾಳ ತೆರೆಯೋ ಸರ್ಜನ್ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ದಿನವೂ ಸಿಗ್ತಾರಾ, ಅಥವಾ ಅಲ್ಲಿ ಸಿಗೋದು ಕಾಲು ತೆಗೆಯೋ ಗರಗಸ ಮಾತ್ರವಾ?

ಜೊತೆಗೆ ನಿಮ್ಮ ಮನೆಯಲ್ಲೂ ಒಂದು ಕೆಲಸ ಮಾಡಿ. ಇವತ್ತು ರಾತ್ರಿ ಅಪ್ಪನದೋ, ಅಮ್ಮನದೋ, ಮಾವನದೋ ಪಾದ ನೋಡಿ. ಬೆರಳ ಸಂದು ನೋಡಿ. ತಣ್ಣಗಿದೆಯಾ, ಬಣ್ಣ ಬದಲಾಗಿದೆಯಾ, ವಾಸಿಯಾಗದ ಗಾಯ ಇದೆಯಾ? ನಡೆದರೆ ಮೀನಖಂಡ ನೋಯುತ್ತಾ ಅಂತ ಕೇಳಿ. ಹೌದು ಅಂದರೆ ನಾಳೆ ಬೆಳಗ್ಗೆಯೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ, ಕಾರ್ಡನ್ನೂ ತಗೊಂಡು ಹೋಗಿ.

1953ರ ಗೆರೆಯನ್ನು ಆಯೋಗ ಎಳೆಯಿತು, 2010ರ ಗೆರೆಯನ್ನು ಸರ್ಕಾರ ಎಳೆಯಿತು, ಎರಡೂವರೆ ವರ್ಷದಲ್ಲಿ ಅದೇ ಸರ್ಕಾರ ಅಳಿಸಿತು. ಗೆರೆ ಅಳಿಸಿದ್ದರಿಂದ ಎಷ್ಟು ಜೀವ ಉಳಿಯುತ್ತೆ ಅನ್ನೋದಕ್ಕೆ ಬಳ್ಳಾರಿಯ ಗಡಿಯೇ ಸಾಕ್ಷಿಯಾಗಿ ನಿಂತಿದೆ. ಮೂರನೆಯದನ್ನೂ ಅಳಿಸಬಹುದು. ಆದರೆ ಅದು ಕಾಣದ ಗೆರೆ. ಕಾಣದ್ದನ್ನು ತೋರಿಸೋದು ನಮ್ಮ ಕೆಲಸ, ಅಳಿಸಿ ಅಂತ ಕೇಳೋದು ನಿಮ್ಮ ಕೆಲಸ.